ಎರ್ಬಿಯಂ ಕಂಡ ಮೋಸಾಂಡರ್

ಕಡಲಾಚೆಯಿಂದ ಬರುವ ದೂರವಾಣಿಯ ಮಾತು ಇಂದು ಗಾಜಿನ ಎಳೆಯೊಳಗೆ ಬೆಳಕಾಗಿ ಹರಿದು ಬರುತ್ತದೆ. ಆ ಬೆಳಕು ದಾರಿಯಲ್ಲೇ ಬತ್ತಿಹೋಗದಂತೆ ಕಾಯುವುದು ಎರ್ಬಿಯಂ ಎಂಬ ಧಾತು. ಅದನ್ನು ಕಂಡುಹಿಡಿದಾತ ದೂರವಾಣಿಯೇ ಹುಟ್ಟದಿದ್ದ ಕಾಲದವನೆಂದರೆ ನಮಗೆ ಅಚ್ಚರಿಯಾಗದಿರದು.

ಕಾರ್ಲ್ ಗುಸ್ತಾವ್ ಮೋಸಾಂಡರ್ 1797ರಲ್ಲಿ ಸ್ವೀಡನ್ ದೇಶದ ಕಾಲ್ಮಾರ್ ಪಟ್ಟಣದಲ್ಲಿ ಜನಿಸಿದನು. ಹುಡುಗನಾಗಿದ್ದಾಗಲೇ ತಾಯಿಯೊಡನೆ ಸ್ಟಾಕ್‌ಹೋಮಿಗೆ ಬಂದು ಔಷಧದಂಗಡಿಯಲ್ಲಿ ಕೆಲಸ ಕಲಿತನು. ಮುಂದೆ ವೈದ್ಯವಿದ್ಯೆ ಓದಿ ಸೈನ್ಯದಲ್ಲಿ ಶಸ್ತ್ರವೈದ್ಯನಾದನು. ಪ್ರಖ್ಯಾತ ರಸಾಯನ ವಿಜ್ಞಾನಿ ಬರ್ಜೀಲಿಯಸನ ಶಿಷ್ಯನಾದ ಮೇಲೆ ಆತನ ಬಾಳಿನ ದಾರಿ ನಿಶ್ಚಯವಾಯಿತು. 1832ರಲ್ಲಿ ಗುರುವಿನ ಪ್ರಾಧ್ಯಾಪಕ ಪೀಠ ಶಿಷ್ಯನಿಗೇ ಒದಗಿತು.

1803ರಲ್ಲಿ ಬರ್ಜೀಲಿಯಸ್ ತನ್ನ ಗೆಳೆಯ ಹಿಸಿಂಗರನೊಡಗೂಡಿ ಸೀರಿಯಂ ಭಸ್ಮವನ್ನು ಕಂಡುಹಿಡಿದಿದ್ದನು. ಅದರೊಳಗೆ ಇನ್ನೊಂದು ಧಾತು ಅಡಗಿದೆಯೆಂದು ಮೋಸಾಂಡರ್ 1839ರಲ್ಲಿ ತೋರಿಸಿಕೊಟ್ಟನು. ಗುರುವಿನ ಶೋಧದಲ್ಲೇ ಕೊರತೆ ತೋರಿಸುವುದು ಸಣ್ಣ ಮಾತಲ್ಲ. ಆದರೆ ಗುರು ಮುನಿಯಲಿಲ್ಲ. ಅಡಗಿರುವುದು ಎಂಬರ್ಥದ ಲ್ಯಾಂಥನಂ ಎಂಬ ಹೆಸರನ್ನು ಸೂಚಿಸಿದವನು ಬರ್ಜೀಲಿಯಸನೇ.

ಸ್ಟಾಕ್‌ಹೋಮಿನ ಬಳಿಯ ಯಿಟರ್‌ಬಿ ಗಣಿಯಲ್ಲಿ ಸಿಕ್ಕಿದ ಕರಿಯ ಕಲ್ಲಿನಿಂದ ಯಿಟ್ರಿಯಾ ಎಂಬ ಭಸ್ಮ ಮೊದಲೇ ದೊರೆತಿತ್ತು. ಮೋಸಾಂಡರ್ ಅದನ್ನು ಆಮ್ಲದಲ್ಲಿ ಕರಗಿಸಿ, ಅಮೋನಿಯವನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿ, ತಳಕ್ಕಿಳಿದ ಒಂದೊಂದು ಗಸಿಯನ್ನೂ ಬೇರೆ ಬೇರೆಯಾಗಿ ತೆಗೆದನು. ಹೀಗೆ 1843ರಲ್ಲಿ ಒಂದು ಭಸ್ಮ ಮೂರಾಯಿತು. ಹೊಸ ಎರಡಕ್ಕೆ ಎರ್ಬಿಯಾ, ಟೆರ್ಬಿಯಾ ಎಂದು ಹೆಸರಿಟ್ಟನು. 1858ರಲ್ಲಿ ಆತ ತೀರಿಕೊಂಡ ಬಳಿಕ ಈ ಹೆಸರುಗಳು ಅದಲುಬದಲಾದವು. ಆತ ಟೆರ್ಬಿಯಾ ಎಂದ ಗುಲಾಬಿ ಬಣ್ಣದ್ದೇ ಇಂದಿನ ಎರ್ಬಿಯಂ. ಆತ ಒಂದೇ ಧಾತುವೆಂದು ನಂಬಿದ್ದ ಡಿಡಿಮಿಯಂ ಎರಡು ಧಾತುಗಳ ಬೆರಕೆಯೆಂದು 1885ರಲ್ಲಿ ವೆಲ್ಸ್‌ಬಾಕ್ ತೋರಿಸಿದನು. ಗುರುವಿಗೆ ಆದದ್ದೇ ಶಿಷ್ಯನಿಗೂ ಆಯಿತು. ವಿಜ್ಞಾನ ಬೆಳೆಯುವ ಕ್ರಮವೇ ಅದು.

ಈ ಭಸ್ಮಗಳಿಂದ ಏನು ಪ್ರಯೋಜನವೆಂದು ಅಂದು ಯಾರೂ ಹೇಳುವಂತಿರಲಿಲ್ಲ. ಒಳ್ಳೆಯ ಗಾಜಿನ ಎಳೆಯಲ್ಲೂ 100 ಕಿಲೋಮೀಟರ್ ಸಾಗುವಷ್ಟರಲ್ಲಿ ಬೆಳಕು ಸಾಮಾನ್ಯವಾಗಿ ನೂರರಲ್ಲಿ ಸುಮಾರು ಒಂದು ಪಾಲಿಗೆ ಇಳಿಯುತ್ತದೆ. ಹಿಂದೆ ಅದನ್ನು ಅಲ್ಲಲ್ಲಿ ವಿದ್ಯುತ್ತಾಗಿ ಮಾರ್ಪಡಿಸಿ, ಬಲಪಡಿಸಿ, ಮತ್ತೆ ಬೆಳಕಾಗಿಸಬೇಕಿತ್ತು. 1987ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಪೇಯ್ನ್ ತಂಡವೂ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ದೆಸುರ್ವಿರ್ ತಂಡವೂ ಹೊಸ ದಾರಿ ತೋರಿಸಿದವು. ಗಾಜಿಗೆ ಅತ್ಯಲ್ಪ ಎರ್ಬಿಯಂ ಬೆರೆಸಿ, ಲೇಸರ್ ಬೆಳಕಿನಿಂದ ಅದಕ್ಕೆ ಶಕ್ತಿ ತುಂಬಿದರೆ, ಹಾದುಹೋಗುವ ಸಂದೇಶದ ಬೆಳಕಿಗೆ ಅದೇ ಬಗೆಯ ಬೆಳಕನ್ನು ಎರ್ಬಿಯಂ ಕೂಡಿಸುತ್ತದೆ. ಗಾಜು ಅತಿ ಕಡಿಮೆ ಬೆಳಕನ್ನು ನುಂಗುವುದು 1.55 ಮೈಕ್ರಾನ್ ತರಂಗದಲ್ಲಿ. ಎರ್ಬಿಯಂ ಬೆಳಕು ಸೂಸುವುದೂ ಸರಿಸುಮಾರು ಅಲ್ಲಿಯೇ. 1996ರ ವೇಳೆಗೆ ಅಟ್ಲಾಂಟಿಕ್ ಕಡಲಡಿಯ ಕೇಬಲಿನಲ್ಲಿ ಇಂಥ ವರ್ಧಕಗಳು ಕೆಲಸಮಾಡತೊಡಗಿದವು.

ಫಲದ ಸುಳಿವೇ ಇಲ್ಲದೆ ಮಾಡಿದ ಶ್ರಮಕ್ಕೆ 144 ವರ್ಷಗಳ ಬಳಿಕ ಫಲ ಬಂದಿತು. ಓದಿನಿಂದ ಕೂಡಲೇ ಏನು ಲಾಭವೆಂದು ಮಕ್ಕಳನ್ನು ಕೇಳುವ ಮುನ್ನ ನಾವು ಮೋಸಾಂಡರನನ್ನು ನೆನೆಯುವುದು ಒಳ್ಳೆಯದು.