ಜಿಮ್ ಕಾರ್ಬೆಟ್

ಹಿಮಾಲಯದ ಹಿಮಶಿಖರಗಳಿಗೂ ಗಂಗೆಯ ಬಯಲಿಗೂ ನಡುವೆ ಕುಮಾವೂನ್ ಎಂಬ ಗುಡ್ಡಗಾಡು ಪ್ರದೇಶವಿದೆ. ಅದು ಈಗ ಉತ್ತರಾಖಂಡ ರಾಜ್ಯಕ್ಕೆ ಸೇರಿದೆ. ಅದರ ತಪ್ಪಲಿನಲ್ಲಿ ಸಾಲವೃಕ್ಷಗಳ ದಟ್ಟವಾದ ಅರಣ್ಯ, ಆಳೆತ್ತರದ ಹುಲ್ಲುಗಾವಲು, ಅವುಗಳ ನಡುವೆ ಹರಿಯುವ ರಾಮಗಂಗಾ ಮತ್ತು ಕೋಸಿ ನದಿಗಳು. ಹುಲಿಗೆ ಇದಕ್ಕಿಂತ ಒಳ್ಳೆಯ ನೆಲೆ ದುರ್ಲಭ. ಎಡ್ವರ್ಡ್ ಜೇಮ್ಸ್ ಕಾರ್ಬೆಟ್ಟರು 1875ರ ಜುಲೈ 25ರಂದು ಈ ಸೀಮೆಯ ನೈನಿತಾಲಿನಲ್ಲಿ ಜನಿಸಿದರು. ಜನರು ಅವರನ್ನು ಬಲ್ಲದ್ದು ಜಿಮ್ ಎಂಬ ಹೆಸರಿನಿಂದ. ತಂದೆ ಆ ಊರಿನ ಅಂಚೆಯ ಅಧಿಕಾರಿ. ಮಗನಿಗೆ ಆರು ವರ್ಷ ತುಂಬುವ ಹೊತ್ತಿಗೆ ತಂದೆ ತೀರಿಕೊಂಡರು; ದೊಡ್ಡ ಸಂಸಾರದ ಭಾರವೆಲ್ಲ ತಾಯಿಯ ಮೇಲೆ ಬಿತ್ತು.

ಚಳಿಗಾಲ ಬಂದರೆ ಕುಟುಂಬವು ಬೆಟ್ಟದಿಂದಿಳಿದು ತಪ್ಪಲಿನ ಕಾಲಾಢುಂಗಿಯ ಮನೆಗೆ ಬರುತ್ತಿತ್ತು. ಮನೆಯ ಸುತ್ತಲೂ ಕಾಡು. ಬಾಲಕನ ನಿಜವಾದ ವಿದ್ಯಾಭ್ಯಾಸ ನಡೆದದ್ದು ಅಲ್ಲಿಯೇ ಎನ್ನಬೇಕು. ಮರಳಿನ ಮೇಲಿನ ಹೆಜ್ಜೆಗುರುತನ್ನು ಕಂಡು, ಅಲ್ಲಿ ಯಾವ ಪ್ರಾಣಿ ಎಷ್ಟು ಹೊತ್ತಿನ ಹಿಂದೆ ಹಾದುಹೋಯಿತೆಂದು ತಿಳಿಯುವುದು, ಜಿಂಕೆ, ಲಂಗೂರ್, ನವಿಲುಗಳ ಭಯದ ಕೂಗನ್ನು ಆಲಿಸಿ ಕಣ್ಣಿಗೆ ಬೀಳದ ಹುಲಿಯ ಜಾಡನ್ನು ಹಿಡಿಯುವುದು ಅವರಿಗೆ ಚಿಕ್ಕಂದಿನಲ್ಲಿಯೇ ಕರಗತವಾಯಿತು. ಬಂದೂಕೂ ಬೇಗನೆ ಕೈಗೆ ಬಂದಿತು. ಹದಿನೆಂಟನೆಯ ವಯಸ್ಸಿನಲ್ಲಿ ಓದು ನಿಲ್ಲಿಸಿ ರೈಲ್ವೆಯಲ್ಲಿ ನೌಕರಿ ಹಿಡಿದರು. ವಿಧಿಯ ವಿನೋದವೆಂದರೆ, ಮುಂದೆ ಕಾಡಿನ ಪರವಾಗಿ ನಿಂತ ಈ ಮನುಷ್ಯನ ಮೊದಲ ಉದ್ಯೋಗ ರೈಲು ಎಂಜಿನ್ನುಗಳ ಉರುವಲಿಗಾಗಿ ಕಾಡು ಕಡಿಸುವುದೇ ಆಗಿದ್ದಿತು! ಅನಂತರ ಸುಮಾರು ಎರಡು ದಶಕಗಳ ಕಾಲ ಬಿಹಾರದ ಮೊಕಾಮೆ ಘಾಟಿನಲ್ಲಿ ಸರಕು ಸಾಗಣೆಯ ಗುತ್ತಿಗೆ ನಡೆಸಿದರು.

ಆ ಕಾಲದಲ್ಲಿ ಹುಲಿಯ ಬೇಟೆ ದೊಡ್ಡಸ್ತಿಕೆಯ ಲಕ್ಷಣವಾಗಿದ್ದಿತು. ಎಷ್ಟು ಹುಲಿಗಳನ್ನು ಕೊಂದೆವೆಂಬ ಲೆಕ್ಕದಿಂದಲೇ ರಾಜಮಹಾರಾಜರೂ ಆಂಗ್ಲ ಅಧಿಕಾರಿಗಳೂ ತಮ್ಮ ಶೌರ್ಯವನ್ನು ಅಳೆದುಕೊಳ್ಳುತ್ತಿದ್ದರು. ಕಾರ್ಬೆಟ್ಟರ ಖ್ಯಾತಿಯೂ ಮೊದಲು ಬೇಟೆಗಾರನ ಖ್ಯಾತಿಯೇ. 1907ರಲ್ಲಿ ಅವರು ಚಂಪಾವತದ ಹೆಣ್ಣುಹುಲಿಯನ್ನು ಕೊಂದರು. ಅದು ನೇಪಾಳದಲ್ಲಿ 200 ಮಂದಿಯನ್ನೂ ಕುಮಾವೂನಿನಲ್ಲಿ 236 ಮಂದಿಯನ್ನೂ ಬಲಿ ತೆಗೆದುಕೊಂಡಿದ್ದಿತು. ಹಳ್ಳಿಗರು ಹೊಲಕ್ಕೆ ಹೋಗಲಾರದೆ ಕದವಿಕ್ಕಿಕೊಂಡು ಕುಳಿತಿದ್ದರು. ಈ ಕೆಲಸಕ್ಕೆ ಒಪ್ಪುವ ಮುನ್ನ ಕಾರ್ಬೆಟ್ಟರು ಸರ್ಕಾರದ ಮುಂದೆ ಇಟ್ಟ ನಿಬಂಧನೆ ಗಮನಾರ್ಹವಾದುದು: ಹುಲಿಯ ತಲೆಗೆ ಕಟ್ಟಿದ್ದ ಬಹುಮಾನವನ್ನು ರದ್ದುಪಡಿಸಬೇಕು. ಹಣಕ್ಕಾಗಿ ಕೊಲ್ಲುವವರ ಸಾಲಿನಲ್ಲಿ ನಿಲ್ಲಲು ಅವರಿಗೆ ಮನಸ್ಸಿರಲಿಲ್ಲ.

ಹುಲಿ ಸತ್ತ ಮೇಲೆ ಅವರು ಅದರ ಬಾಯಿಯನ್ನು ಪರೀಕ್ಷಿಸಿದರು. ಬಲಬದಿಯ ಮೇಲಿನ ಕೋರೆಹಲ್ಲು ಅರ್ಧ ಮುರಿದಿದ್ದಿತು. ಕೆಳಗಿನದು ಬುಡದ ಎಲುಬಿನವರೆಗೂ ಹೋಗಿದ್ದಿತು. ಬಹಳ ಹಿಂದೆ ಯಾರೋ ಹಾರಿಸಿದ್ದ ಗುಂಡಿನ ಫಲವದು. ತನ್ನ ಸಹಜವಾದ ಆಹಾರವನ್ನು ಕೆಡವಲಾರದ ಪ್ರಾಣಿ, ಸುಲಭವಾಗಿ ಸಿಕ್ಕುವ ಮನುಷ್ಯನತ್ತ ತಿರುಗಿದ್ದಿತು. ಮುಕ್ತೇಸರದ ಹೆಣ್ಣುಹುಲಿಯದು ಇನ್ನೊಂದು ಬಗೆ: ಮುಳ್ಳುಹಂದಿಯೊಡನೆ ನಡೆದ ಕಾಳಗದಲ್ಲಿ ಅದು ಒಂದು ಕಣ್ಣನ್ನು ಕಳೆದುಕೊಂಡು, ಮುಂಗಾಲಿನ ತುಂಬ ಮುರಿದ ಮುಳ್ಳುಗಳನ್ನು ಹೊತ್ತು ಕುಂಟುತ್ತಿತ್ತು. 1918ರಿಂದ 1926ರವರೆಗೆ ಕೇದಾರ ಬದರಿಗಳ ಯಾತ್ರಾಮಾರ್ಗದಲ್ಲಿ 125 ಮಂದಿಯನ್ನು ಕೊಂದ ರುದ್ರಪ್ರಯಾಗದ ಚಿರತೆಗೂ ಅವರು ಕಾರಣವನ್ನು ಹುಡುಕಿದರು. ಇನ್‌ಫ್ಲುಯೆಂಜ ಹಾವಳಿಯ ದಿನಗಳಲ್ಲಿ ದಹನಕ್ಕೆ ಅನುಕೂಲವಿಲ್ಲದೆ ಹೆಣಗಳನ್ನು ಕಣಿವೆಗೆ ನೂಕುತ್ತಿದ್ದುದರಿಂದ ಚಿರತೆಗೆ ನರಮಾಂಸದ ರುಚಿ ಹತ್ತಿತೆಂಬುದು ಅವರ ಅಭಿಪ್ರಾಯ. ಹೀಗೆ ಒಂದೊಂದು ನರಭಕ್ಷಕನನ್ನು ಕೊಂದಾಗಲೂ, ಹುಲಿ ಹುಟ್ಟಿನಿಂದ ಮನುಷ್ಯನ ವೈರಿಯಲ್ಲ ಎಂಬ ಅವರ ನಂಬಿಕೆ ಬಲಗೊಂಡಿತು.

ಆದರೂ ಬಂದೂಕಿನ ಮೋಹ ಒಮ್ಮೆಗೇ ಬಿಟ್ಟುಹೋಗಲಿಲ್ಲ. 1930ರಲ್ಲಿ ಪೊವಾಲ್‌ಗಢದ ಕಾಡಿನಲ್ಲಿ, ಯಾವ ಮನುಷ್ಯನನ್ನೂ ಕೊಂದಿರದ ಭಾರಿ ಗಂಡುಹುಲಿಯೊಂದು ಅವರ ಗುಂಡಿಗೆ ಬಲಿಯಾಯಿತು. ಮುಂದೆ ವೈಸರಾಯರಿಗಾಗಿ ಬೇಟೆಯ ಏರ್ಪಾಟನ್ನೂ ಮಾಡಿದರು. ಅವರ ಜೀವನವನ್ನು ಬರೆಯುವವರು ಇದನ್ನು ಮರೆಮಾಚಬೇಕಾಗಿಲ್ಲ.

ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ನರು ರಾತ್ರಿಯ ಕಾಡಿನಲ್ಲಿ ತೆಗೆದ ಹುಲಿಯ ಛಾಯಾಚಿತ್ರಗಳು ಕಾರ್ಬೆಟ್ಟರ ಮನಸ್ಸನ್ನು ಸೆಳೆದಿದ್ದವು. ಅವರಿಗೆ ಒಂದು ಚಲನಚಿತ್ರ ಕ್ಯಾಮೆರಾ ದೊರೆಯಿತು. ಆದರೆ ಅದರ ಗರಗರ ಸದ್ದಿಗೇ ಹುಲಿಗಳು ಬೆದರಿ ಓಡುತ್ತಿದ್ದವು. ಕಾರ್ಬೆಟ್ಟರು ಯೋಚಿಸಿ, ಕಾಡಿನ ಹಳ್ಳವೊಂದಕ್ಕೆ ಚಿಕ್ಕ ಚಿಕ್ಕ ಒಡ್ಡುಗಳನ್ನು ಕಟ್ಟಿದರು. ನೀರು ಒಡ್ಡಿನ ಮೇಲಿಂದ ಧುಮುಕುವ ಸದ್ದಿನಲ್ಲಿ ಯಂತ್ರದ ಸದ್ದು ಅಡಗಿತು. ತಿಂಗಳುಗಟ್ಟಲೆ ಕಾದು ಕುಳಿತು, ಏಳು ಹುಲಿಗಳನ್ನು ಹಗಲು ಬೆಳಕಿನಲ್ಲಿ ಚಿತ್ರೀಕರಿಸಿದರು. ಹುಲಿಯನ್ನು ಕೊಲ್ಲಲು ಅವರು ತೋರಿದ್ದ ತಾಳ್ಮೆಗಿಂತ ಈ ತಾಳ್ಮೆ ಹಿರಿದು. ಶಾಲಾಮಕ್ಕಳ ಮುಂದೆ ನಿಂತು ಕಾಡಿನ ವಿಷಯವಾಗಿ ಉಪನ್ಯಾಸ ಮಾಡುತ್ತ, ಪ್ರಾಣಿಗಳ ಕೂಗನ್ನು ಅನುಕರಿಸಿ ತೋರಿಸುವುದೂ ಅವರಿಗೆ ಪ್ರಿಯವಾಗಿದ್ದಿತು.

ಕುಮಾವೂನಿನ ಕಾಡುಗಳಲ್ಲಿ ಒಂದು ಭಾಗವನ್ನಾದರೂ ಬೇಟೆಯಿಂದ ಮುಕ್ತಗೊಳಿಸಬೇಕೆಂದು ಆಗಿನ ಸಂಯುಕ್ತ ಪ್ರಾಂತದ ಕೆಲವು ಅರಣ್ಯಾಧಿಕಾರಿಗಳು ಪ್ರಯತ್ನಿಸುತ್ತಿದ್ದರು. ಗವರ್ನರ್ ಮಾಲ್ಕಂ ಹೇಲಿಯವರ ಸಹಾನುಭೂತಿಯೂ ಇದ್ದಿತು. ಅರಣ್ಯವನ್ನು ಅಂಗುಲ ಅಂಗುಲವಾಗಿ ಬಲ್ಲ ಕಾರ್ಬೆಟ್ಟರು ಈ ಕಾರ್ಯಕ್ಕೆ ತಮ್ಮ ಅನುಭವವನ್ನು ಧಾರೆಯೆರೆದರು. 1936ರಲ್ಲಿ ರಾಮಗಂಗೆಯ ಕಣಿವೆಯಲ್ಲಿ, ಮುನ್ನೂರು ಚದರ ಕಿಲೋಮೀಟರುಗಳಿಗೂ ಮಿಗಿಲಾದ ಪ್ರದೇಶದಲ್ಲಿ, ಹೇಲಿ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು. ಭಾರತದಲ್ಲಿ ರಾಷ್ಟ್ರೀಯ ಉದ್ಯಾನವೆಂಬುದು ಅದೇ ಮೊದಲು. ಅದು ಒಬ್ಬರಿಂದಾದ ಕೆಲಸವಲ್ಲ. ಆದರೆ ಸರ್ಕಾರವೂ ಸಾಮಾನ್ಯ ಜನರೂ ಸಮನಾಗಿ ನಂಬುತ್ತಿದ್ದ ಮನುಷ್ಯ ಅವರಲ್ಲಿ ಕಾರ್ಬೆಟ್ಟರೇ.

ಜನರ ನಂಬಿಕೆ ಸುಮ್ಮನೆ ಬಂದುದಲ್ಲ. ಕಾಲಾಢುಂಗಿಯ ಬಳಿಯ ಛೋಟಿ ಹಲ್ದ್ವಾನಿ ಎಂಬ ಗ್ರಾಮವನ್ನು ಕೊಂಡು ಅವರು ಬಡ ರೈತರನ್ನು ಅಲ್ಲಿ ನೆಲೆಗೊಳಿಸಿದ್ದರು. ಕಾಡುಹಂದಿ, ಜಿಂಕೆಗಳು ಪೈರನ್ನು ತಿಂದುಹಾಕುತ್ತಿದ್ದವು. ಬಂದೂಕಿನ ಪ್ರವೀಣನಾದ ಒಡೆಯನು ಆ ಪ್ರಾಣಿಗಳನ್ನು ಕೊಂದು ಮುಗಿಸುವ ಹಾದಿಯನ್ನು ಹಿಡಿಯದೆ, ಊರಿನ ಸುತ್ತ ಎತ್ತರವಾದ ಕಲ್ಲಿನ ಗೋಡೆಯನ್ನು ಕಟ್ಟಿಸಿದನು. ಪೈರೂ ಉಳಿಯಿತು, ಪ್ರಾಣಿಗಳೂ ಉಳಿದವು.

1944ರಲ್ಲಿ ಪ್ರಕಟವಾದ ಕುಮಾವೂನಿನ ನರಭಕ್ಷಕಗಳ ಕುರಿತ ಗ್ರಂಥ ಅವರನ್ನು ಜಗತ್ಪ್ರಸಿದ್ಧರನ್ನಾಗಿ ಮಾಡಿತು. ಹುಲಿಯು ಉದಾರ ಸ್ವಭಾವದ ಪ್ರಾಣಿಯೆಂದೂ, ಲೋಕಾಭಿಪ್ರಾಯ ಅದರ ನೆರವಿಗೆ ಬಾರದಿದ್ದರೆ ಅದು ಅಳಿದುಹೋಗಿ ಭಾರತ ಬಡವಾಗುವುದೆಂದೂ ಅದರಲ್ಲಿ ಎಚ್ಚರಿಸಿದರು. 1947ರಲ್ಲಿ, ಅವಿವಾಹಿತರಾಗಿದ್ದ ಅವರು ಅಕ್ಕ ಮ್ಯಾಗಿಯೊಡನೆ ಭಾರತವನ್ನು ಬಿಟ್ಟು ಕೀನ್ಯಾ ದೇಶದ ನ್ಯೇರಿ ಪಟ್ಟಣಕ್ಕೆ ಹೋಗಿ ನೆಲೆಸಿದರು. 1955ರ ಏಪ್ರಿಲ್ 19ರಂದು ಅಲ್ಲಿಯೇ ನಿಧನರಾದರು. ತರುವಾಯ ರಾಮಗಂಗೆಯ ದಡದ ಉದ್ಯಾನಕ್ಕೆ ಅವರ ಹೆಸರನ್ನಿಡಲಾಯಿತು. 1973ರಲ್ಲಿ ಕೇಂದ್ರ ಸರ್ಕಾರದ ಹುಲಿ ಯೋಜನೆ ಆರಂಭಗೊಂಡುದು ಅಲ್ಲಿಯೇ. ಆಗ ಆಯ್ದುಕೊಂಡ ಒಂಬತ್ತು ಅರಣ್ಯಗಳಲ್ಲಿ ನಮ್ಮ ಬಂಡೀಪುರವೂ ಒಂದು. ಕಾರ್ಬೆಟ್ಟರು ಗಂಡುಹುಲಿಯನ್ನು ಹೊಡೆದ ಪೊವಾಲ್‌ಗಢದ ಕಾಡೂ ಇಂದು ಸಂರಕ್ಷಿತ ಪ್ರದೇಶವಾಗಿದೆ. ಕಾಲಾಢುಂಗಿಯ ಅವರ ಮನೆ ಈಗ ವಸ್ತುಸಂಗ್ರಹಾಲಯ.