ಮೊಲದ ಮೆದುಳಿನಲ್ಲಿ ಉತ್ತರ ಹುಡುಕಿದ ವಿದ್ಯಾರ್ಥಿ

ಟೆನ್ಷನ್ ಜಾಸ್ತಿಯಾದರೆ ಮುಟ್ಟು ಏರುಪೇರಾಗುತ್ತೆ ಅನ್ನೋದು ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಆದರೆ ತಲೆಯೊಳಗಿನ ಚಿಂತೆ ಅಂಡಾಶಯದವರೆಗೆ ತಲುಪುವುದು ಯಾವ ದಾರಿಯಲ್ಲಿ? ಆ ದಾರಿ ಹುಡುಕೋಕೆ ಬದುಕಿಡೀ ಸವೆಸಿದವರು ಜೆಫ್ರಿ ಹ್ಯಾರಿಸ್.

1913ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಹ್ಯಾರಿಸ್ ಕೇಂಬ್ರಿಡ್ಜ್‌ನಲ್ಲಿ ಓದಿದ್ದು ವೈದ್ಯಕೀಯ. ಅಲ್ಲಿ ಎಫ್.ಎಚ್.ಎ. ಮಾರ್ಷಲ್ ಎಂಬ ಮೇಷ್ಟ್ರು ಸಿಕ್ಕರು. ಬೆಳಕು, ಋತುಮಾನ ಬದಲಾದರೆ ಪ್ರಾಣಿಗಳ ಬೆದೆಯೂ ಬದಲಾಗುತ್ತೆ, ಅಂದಮೇಲೆ ಇದರಲ್ಲಿ ಮೆದುಳಿನ ಕೈವಾಡ ಇರಲೇಬೇಕು ಎಂಬುದು ಅವರ ವಾದ. ಶಿಷ್ಯ ಅದನ್ನು ಪರೀಕ್ಷೆಗೆ ಒಡ್ಡಿದ. ಹೆಣ್ಣು ಮೊಲ ಗಂಡಿನ ಜೊತೆ ಕೂಡಿದ ಮೇಲಷ್ಟೇ, ಸುಮಾರು 10 ಗಂಟೆ ಕಳೆದು, ಅಂಡ ಬಿಡುತ್ತದೆ. ಹ್ಯಾರಿಸ್ ಗಂಡಿಲ್ಲದೆಯೇ ಮೊಲದ ಹೈಪೋಥಲಾಮಸ್ ಭಾಗಕ್ಕೆ ವಿದ್ಯುತ್ ಹರಿಸಿದರು. ಅಂಡ ಬಿಡುಗಡೆಯಾಯಿತು! 1937ರಲ್ಲಿ ಇದು ಪ್ರಕಟವಾದಾಗ ಅವರಿಗಿನ್ನೂ 25 ತುಂಬಿರಲಿಲ್ಲ.

ಆದರೆ ಒಂದು ತೊಡಕಿತ್ತು. ಅಂಡಾಶಯಕ್ಕೆ ಹುಕುಂ ಕೊಡುವುದು ಮೆದುಳಿನ ಕೆಳಗಿರುವ ಬಟಾಣಿ ಗಾತ್ರದ ಪಿಟ್ಯುಟರಿ ಗ್ರಂಥಿ. ಅದರ ಮುಂಭಾಗಕ್ಕೆ ಮೆದುಳಿನಿಂದ ನರಗಳ ಸಂಪರ್ಕವೇ ಇಲ್ಲ ಅನ್ನುವಷ್ಟು ಕಮ್ಮಿ. ಹಾಗಾದ್ರೆ ಸುದ್ದಿ ಮುಟ್ಟುವುದು ಹೇಗೆ? ಎರಡರ ನಡುವಿನ ತೊಟ್ಟಿನಲ್ಲಿ ಸಣ್ಣ ರಕ್ತನಾಳಗಳಿರುವುದು 1930ರಲ್ಲೇ ಗೊತ್ತಾಗಿತ್ತು. ಆದರೆ ಅವುಗಳನ್ನು ವಿವರಿಸಿದವರು ರಕ್ತ ಮೇಲ್ಮುಖವಾಗಿ ಹರಿಯುತ್ತೆ ಅಂದುಕೊಂಡಿದ್ದರು. 1940ರ ದಶಕದ ಕೊನೆಗೆ ಹ್ಯಾರಿಸ್ ಮತ್ತು ಗ್ರೀನ್ ಜೀವಂತ ಇಲಿಯಲ್ಲೇ ನೋಡಿದರು: ರಕ್ತ ಹರಿಯುತ್ತಿದ್ದದ್ದು ಮೆದುಳಿನಿಂದ ಕೆಳಕ್ಕೆ. ಅಂದರೆ ಮೆದುಳು ಯಾವುದೋ ರಾಸಾಯನಿಕವನ್ನು ರಕ್ತದಲ್ಲಿ ಕಳಿಸುತ್ತಿರಬೇಕು.

ಆಗಿನ ಘಟಾನುಘಟಿ ಸಾಲಿ ಜುಕರ್‌ಮನ್ ಇದನ್ನು ಒಪ್ಪಲಿಲ್ಲ. ತೊಟ್ಟು ಕತ್ತರಿಸಿದರೂ ಫೆರೆಟ್ ಪ್ರಾಣಿ ಬೆದೆಗೆ ಬರುತ್ತದಲ್ಲ ಅಂತ ಸವಾಲು ಹಾಕಿದರು. ಕತ್ತರಿಸಿದ ನಾಳಗಳು ಮತ್ತೆ ಬೆಳೆದು ಕೂಡಿಕೊಳ್ಳುತ್ತವೆ, ನಡುವೆ ಒಂದು ಅಡ್ಡತಡೆ ಇಟ್ಟರೆ ಗ್ರಂಥಿಯ ಕೆಲಸ ಕೆಡುತ್ತದೆ ಎಂದು ಹ್ಯಾರಿಸ್ ತೋರಿಸಿದರು. 1952ರಲ್ಲಿ ಡೋರಾ ಜೇಕಬ್‌ಸನ್ ಜೊತೆಗೂಡಿ ಇನ್ನೂ ಮುಂದೆ ಹೋದರು. ಇಲಿಗಳ ಪಿಟ್ಯುಟರಿ ತೆಗೆದು, ಬೇರೆ ಪಿಟ್ಯುಟರಿಯನ್ನು ಹೈಪೋಥಲಾಮಸ್ ಕೆಳಗೆ ಕಸಿ ಮಾಡಿದರೆ ಸಂತಾನಶಕ್ತಿ ಮರಳಿತು. ಮೆದುಳಿನ ಬೇರೆ ಭಾಗದಡಿ ಇಟ್ಟರೆ ಮರಳಲಿಲ್ಲ.

ಇಷ್ಟಾದರೂ ಆ ರಾಸಾಯನಿಕ ಕೈಗೆ ಸಿಕ್ಕಿರಲಿಲ್ಲ. ಆಕ್ಸ್‌ಫರ್ಡ್‌ನಲ್ಲಿ ಹ್ಯಾರಿಸ್ ತಂಡವೂ ಹುಡುಕುತ್ತಿತ್ತು. ಅಮೆರಿಕದಲ್ಲಿ ಗಿಲ್ಲೆಮಿನ್ ಕುರಿಗಳ, ಶಾಲಿ ಹಂದಿಗಳ ಹೈಪೋಥಲಾಮಸ್‌ಗಳನ್ನು ಲಕ್ಷಗಟ್ಟಲೆ ಅರೆದು ಸೋಸಿ ಪೈಪೋಟಿಯಲ್ಲಿ ಗೆದ್ದರು. ಅಂಡ ಬಿಡುಗಡೆಯ ಹಿಂದಿನ ಹಾರ್ಮೋನಿನ ರಚನೆ 1971ರಲ್ಲಿ ತಿಳಿಯಿತು. ಅದೇ ವರ್ಷ ನವೆಂಬರ್‌ನಲ್ಲಿ, 58ನೇ ವಯಸ್ಸಿನಲ್ಲಿ, ಹ್ಯಾರಿಸ್ ತೀರಿಕೊಂಡರು. 1977ರಲ್ಲಿ ಗಿಲ್ಲೆಮಿನ್, ಶಾಲಿ ಇಬ್ಬರಿಗೂ ನೊಬೆಲ್ ಬಂತು. ತೀರಿಹೋದವರಿಗೆ ಆ ಪ್ರಶಸ್ತಿ ಕೊಡೋದಿಲ್ಲ.

ಇವತ್ತು ಆ ಹಾರ್ಮೋನಿನಂಥದೇ ಔಷಧಗಳು ಬಂಜೆತನದ ಚಿಕಿತ್ಸೆಗೂ ಪ್ರಾಸ್ಟೇಟ್ ಕ್ಯಾನ್ಸರಿಗೂ ಬಳಕೆಯಲ್ಲಿವೆ. ಇಷ್ಟಕ್ಕೆಲ್ಲ ಮೂಲ ಓದುವ ವಯಸ್ಸಿನಲ್ಲಿ ಹೊಳೆದ ಒಂದು ಪ್ರಶ್ನೆ. ಮೊದಲು ಡಿಗ್ರಿ ಮುಗಿಸು, ಆಮೇಲೆ ನೋಡೋಣ ಅಂತ ಮೇಷ್ಟ್ರು ಹೇಳಿ ಕಳಿಸಿದ್ದರೆ?