ಅವನೀಂದ್ರನಾಥರ ನೆಂಟರು

ನಮ್ಮ ಮೈಸೂರಿನ ಕೆ. ವೆಂಕಟಪ್ಪನವರಿಗೆ ಕಲ್ಕತ್ತೆಯಲ್ಲಿ ಚಿತ್ರಕಲೆ ಕಲಿಸಿದ ಗುರುಗಳು ಅವನೀಂದ್ರನಾಥ ಠಾಕೂರರು. 1871ರಲ್ಲಿ ಜೋಡಾಸಾಂಕೋದಲ್ಲಿ ಹುಟ್ಟಿ, 1905ರ ‘ಭಾರತಮಾತಾ’ ಚಿತ್ರದಿಂದ ದೇಶಕ್ಕೆಲ್ಲ ಹೆಸರಾದರು.

ಅಂಥ ದೊಡ್ಡವರು ವಯಸ್ಸಾದ ಮೇಲೆ ಮುರಿದ ಮರದ ಚೂರು, ಒಣಕಡ್ಡಿ, ಬಿದಿರಿನ ತುಂಡು ಹೆಕ್ಕಿ ಹಕ್ಕಿ, ಪ್ರಾಣಿ, ಮನುಷ್ಯರನ್ನು ಮಾಡುತ್ತ ಕೂತರು. ಅವಕ್ಕಿಟ್ಟ ಹೆಸರು ‘ಕಾಟುಮ್ ಕುಟುಮ್’. ಕುಟುಮ್ ಅಂದರೆ ಬಂಗಾಳಿಯಲ್ಲಿ ನೆಂಟ. ಪತ್ರಿಕೆಗಳ ಜಾಹೀರಾತು ಕತ್ತರಿಸಿ ಅಂಟಿಸಿ ‘ಖುದ್ದುರ್ ಜಾತ್ರಾ’ ಎಂಬ ರಾಮಾಯಣ ನಾಟಕದ ಹಸ್ತಪ್ರತಿಯನ್ನೂ ಸಿಂಗರಿಸಿದರು.

1941ರಲ್ಲಿ ಹುಟ್ಟಿದ ಮನೆಯೇ ಕೈಬಿಟ್ಟು ಹೋಯಿತು. ಬಾರಾನಗರದ ಗುಪ್ತನಿವಾಸದಲ್ಲಿ ಉಳಿದು 1951ರಲ್ಲಿ ತೀರಿಕೊಂಡರು.

ನಾವು ಓದೋ ಲೆಕ್ಕಶಾಸ್ತ್ರದಲ್ಲಿ ಸವಕಳಿ ಕಳೆದರೆ ಉಳಿಯೋದು ಗುಜರಿ ಬೆಲೆ. ನಾಂಪಲ್ಲಿಯ ಗುಜರಿಯವನೂ ಮುರಿದ ಕುರ್ಚಿಯನ್ನು ತೂಕಕ್ಕೇ ಕೊಳ್ಳುತ್ತಾನೆ. ಅವನೀಂದ್ರನಾಥರಿಗೆ ಅದು ಮನೆಗೆ ಬಂದ ನೆಂಟ. ಬಿ.ಕಾಂ. ಮುಗಿಸೋದರೊಳಗೆ ನನಗೂ ಆ ಲೆಕ್ಕ ಬರಬೇಕು.